ಸೆಲ್ಯೂಟ್ ಸಾಕು, ಕುರ್ಚಿ ಹಾಕಿ!

ಆಗಸ್ಟ್ 15 ಹತ್ತಿರ ಬಂತೆಂದರೆ ಮಾಜಿ ಸೈನಿಕರಿಗೆ ಎಲ್ಲಿಲ್ಲದ ಬೇಡಿಕೆ. ತಿಪಟೂರಾಗಲಿ, ತುರುವೇಕೆರೆಯಾಗಲಿ, ಚಿಕ್ಕನಾಯಕನಹಳ್ಳಿಯಾಗಲಿ, ಮೈದಾನದಲ್ಲಿ ಶಾಮಿಯಾನ ಎದ್ದ ಕೂಡಲೇ ‘ಯಾರಾದ್ರೂ ಮಿಲ್ಟ್ರಿಯೋರನ್ನ ಕರೀರಪ್ಪ’ ಎಂಬ ಮಾತು ಹೊರಡುತ್ತದೆ. ಬೀರುವಿನಲ್ಲಿದ್ದ ಕೋಟು ಹೊರಬರುತ್ತದೆ. ಪದಕಗಳಿಗೆ ಪಾಲಿಷ್ ಆಗುತ್ತದೆ. ಒಂದು ಶಾಲು, ಒಂದು ಹಾರ, ಒಂದು ತೆಂಗಿನಕಾಯಿ, ಒಂದು ಸೆಲ್ಯೂಟ್. ಫೋಟೋ ತೆಗೆದದ್ದಾಯಿತು, ಲಾಡು ಹಂಚಿದ್ದಾಯಿತು. ಮಾರನೇ ದಿನ ಅದೇ ಮನುಷ್ಯ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿರುತ್ತಾನೆ. ಹಿಂದಿನ ದಿನ ಕೈ ಮುಗಿದವರೇ ‘ಸಾಬ್ರೇ, ಪಾಸ್ ಬುಕ್ ಎಂಟ್ರಿ ಯಾವ ಕೌಂಟ್ರು?’ ಎಂದು ಕೇಳಿಕೊಂಡು ಒಳಗೆ ಹೋಗುತ್ತಾರೆ.

ಆ ಮನುಷ್ಯ ಹಿಮದಲ್ಲಿ ನಿಂತು ಬಂದವನು. ರಸ್ತೆಯೇ ಇಲ್ಲದ ಗುಡ್ಡದ ಮೇಲೆ ನೂರಾರು ಜನಕ್ಕೆ ಅಕ್ಕಿ, ಬೇಳೆ, ಸೀಮೆಎಣ್ಣೆ ಹೊತ್ತಿಗೆ ಸರಿಯಾಗಿ ಮುಟ್ಟಿಸಿದವನು. ನಕ್ಷೆ ಓದಬಲ್ಲ, ಮೂರ್ನಾಲ್ಕು ಭಾಷೆ ಆಡಬಲ್ಲ. ಅವನ ಕೈಗೆ ಬಂದೂಕು ಕೊಟ್ಟು ನಿಲ್ಲಿಸುವುದು ಊರಿಗೆ ಗೊತ್ತು. ಎದುರಿಗೆ ಒಂದು ಕುರ್ಚಿ ಹಾಕಿ ‘ಕೂತ್ಕೊಳ್ಳಿ ಸಾಬ್ರೇ, ಇದಕ್ಕೆ ಏನ್ ಮಾಡೋಣ ಹೇಳಿ’ ಎಂದು ಕೇಳುವುದು ಮಾತ್ರ ಗೊತ್ತಿಲ್ಲ.

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಈ ವಿಷಯದಲ್ಲಿ ಎರಡು ಮಾತು ಸದಾ ಓಡಾಡುತ್ತಿರುತ್ತವೆ. ಒಬ್ಬ ಹೇಳುತ್ತಾನೆ: ‘ಮಿಲ್ಟ್ರಿಯೋರಿಗ್ಯಾಕಣ್ಣ ರಾಜಕೀಯ? ಪೆನ್ಷನ್ ತಗೊಂಡು ಮನೇಲಿರ್ಲಿ.’ ಇನ್ನೊಬ್ಬ ಹೇಳುತ್ತಾನೆ: ‘ಈ ದೇಶಾನ ಹತ್ತು ವರ್ಷ ಮಿಲ್ಟ್ರಿ ಕೈಗೆ ಕೊಡ್ಬೇಕು ಕಣಣ್ಣ, ಆಗ ನೋಡು ಹೆಂಗ್ ಸರಿಹೋಯ್ತದೆ!’ ಬಸ್ಸು ಬರುವ ತನಕ ಇಬ್ಬರೂ ವಾದ ಮಾಡುತ್ತಾರೆ. ನಿಜ ಹೇಳಬೇಕೆಂದರೆ ಇಬ್ಬರದೂ ತಪ್ಪು. ಯಾಕೆ ತಪ್ಪು ಎಂಬುದಕ್ಕೆ ಸಾಕ್ಷಿ ದೆಹಲಿಯಲ್ಲಿ ಹುಡುಕಬೇಕಾಗಿಲ್ಲ. ಪಕ್ಕದ ಅರಸೀಕೆರೆ ತಾಲ್ಲೂಕಿನಲ್ಲೇ ಇದೆ, ಕೊಡಗಿನಲ್ಲಿ ಇದೆ.

ಜಾವಗಲ್ಲಿನ ತೋಟದಿಂದ

ಮೊದಲು ಹತ್ತಿರದ ಕಥೆ. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಹೆಸರು ಕೇಳದವರು ಕಡಿಮೆ. ಹುಟ್ಟಿದ್ದು 1951ರಲ್ಲಿ, ಬೆಳೆದದ್ದು ಹಾಸನ ಜಿಲ್ಲೆಯ ಗೊರೂರಿನಲ್ಲಿ, ಮೇಷ್ಟ್ರ ಮಗ. ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, ಸೈನ್ಯಕ್ಕೆ ಸೇರಿ, 1971ರ ಬಾಂಗ್ಲಾ ಯುದ್ಧ ಕಂಡು, ಇನ್ನೂ ಮೂವತ್ತು ತುಂಬುವ ಮೊದಲೇ ರಾಜೀನಾಮೆ ಕೊಟ್ಟು ಊರಿಗೆ ಬಂದರು. ಊರಿಗೆ ಬಂದರೆ ಜಮೀನು ಎಲ್ಲಿ? ಗೊರೂರಿನಲ್ಲಿ ಕಟ್ಟಿದ ಹೇಮಾವತಿ ಅಣೆಕಟ್ಟೆಯ ಹಿನ್ನೀರು ಅದನ್ನು ನುಂಗಿತ್ತು. ಬದಲಿಗೆ ಸಿಕ್ಕಿದ್ದು ಜಾವಗಲ್ ಬಳಿಯ ಬರಡು ನೆಲ.

ಇಲ್ಲಿ ತಿಪಟೂರು, ತುರುವೇಕೆರೆಯ ಜನ ಒಂದು ಕ್ಷಣ ನಿಲ್ಲಬೇಕು. ಯಾವ ಹೇಮಾವತಿ ಗೊರೂರಿನವರ ಗದ್ದೆ ಮುಳುಗಿಸಿತೋ, ಅದೇ ಹೇಮಾವತಿ ಬಾಗೂರು–ನವಿಲೆ ಸುರಂಗ ಹಾಯ್ದು ಈ ಕಡೆಯ ನಾಲೆಗೆ ಬರುತ್ತದೆ. ಇಲ್ಲಿ ಕೆರೆ ತುಂಬಿ ತೆಂಗು ಹಸಿರಾಗಿದ್ದರೆ, ಅದರ ಹಿಂದೆ ಮುಳುಗಿದ ಊರುಗಳ ಲೆಕ್ಕವೂ ಇದೆ. ಆ ಲೆಕ್ಕದಲ್ಲಿ ಈ ಕ್ಯಾಪ್ಟನ್ನರ ಮನೆತನದ ಜಮೀನೂ ಸೇರಿದೆ.

ಬರಡು ನೆಲದಲ್ಲಿ ಡೇರೆ ಹಾಕಿಕೊಂಡು ಕೂತ ಕ್ಯಾಪ್ಟನ್ ತೆಂಗು ಹಾಕಿದರು, ಹಸು ಕಟ್ಟಿದರು, ರೇಷ್ಮೆ ಮಾಡಿದರು. ಕೈ ಸುಟ್ಟುಕೊಂಡದ್ದೂ ಉಂಟು. ರಾಸಾಯನಿಕ ಬಿಟ್ಟು ರೇಷ್ಮೆ ಬೆಳೆಯುವ ದಾರಿ ಹುಡುಕಿದ್ದಕ್ಕೆ 1996ರಲ್ಲಿ ಅಂತಾರಾಷ್ಟ್ರೀಯ ರೋಲೆಕ್ಸ್ ಪ್ರಶಸ್ತಿ ಬಂತು. ಆಮೇಲೆ ಹೆಲಿಕಾಪ್ಟರ್ ಕಂಪನಿ. 2003ರಲ್ಲಿ ಏರ್ ಡೆಕ್ಕನ್, ಮೊದಲ ಹಾರಾಟ ಬೆಂಗಳೂರಿನಿಂದ ಹುಬ್ಬಳ್ಳಿಗೆ. ಒಂದು ರೂಪಾಯಿ ಟಿಕೆಟ್ಟಿನ ಗದ್ದಲ ಯಾರಿಗೆ ನೆನಪಿಲ್ಲ? ವಿಮಾನವೆಂದರೆ ಸೂಟುಬೂಟಿನವರದ್ದು ಎಂದುಕೊಂಡಿದ್ದ ಕಾಲದಲ್ಲಿ ಪಂಚೆ ಉಟ್ಟವರನ್ನೂ ಹತ್ತಿಸಿದ್ದು ಸಣ್ಣ ಮಾತಲ್ಲ. ತಮ್ಮ ಬದುಕಿನ ಕಥೆಯನ್ನು ಪುಸ್ತಕ ಮಾಡಿದರು. ಅದರ ಮೇಲೆ 2020ರಲ್ಲಿ ತಮಿಳಿನಲ್ಲಿ ಸೂರ್ಯ ನಟಿಸಿದ ಸಿನಿಮಾವೇ ಬಂತು. ಪತ್ರಿಕೆಗಳಲ್ಲಿ ದೇಶದ ಆರ್ಥಿಕ ನೀತಿ, ಕೃಷಿ, ವಿಮಾನಯಾನ ಕುರಿತು ಬರೆಯುತ್ತ ಬಂದರು.

ಇಷ್ಟೆಲ್ಲ ಆದ ಮನುಷ್ಯ ಚುನಾವಣೆಯಲ್ಲಿ ಏನಾದರು? 1994ರಲ್ಲಿ ಗಂಡಸಿ ವಿಧಾನಸಭಾ ಕ್ಷೇತ್ರದಲ್ಲಿ ಬಿಜೆಪಿಯಿಂದ ನಿಂತರು, ಸೋತರು. ಗಂಡಸಿ ಎಲ್ಲೋ ದೂರದ ಊರಲ್ಲ, ಹಾಸನದ ಬಸ್ಸು ಹತ್ತುವವರಿಗೆ ಗಂಡಸಿ ಹ್ಯಾಂಡ್‌ಪೋಸ್ಟ್ ಗೊತ್ತೇ ಇದೆ. 2009ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಲೋಕಸಭೆಗೆ ಪಕ್ಷೇತರರಾಗಿ ನಿಂತರು, ಗೆದ್ದವರು ಅನಂತಕುಮಾರ್. 2014ರಲ್ಲಿ ಆಮ್ ಆದ್ಮಿ ಪಕ್ಷ ಸೇರಿ ಅದೇ ವರ್ಷ ಹೊರಬಂದರು. ಆಕಾಶದಲ್ಲಿ ವಿಮಾನ ಹಾರಿಸಿದವರಿಗೆ ನೆಲದ ಮೇಲಿನ ಮತಪೆಟ್ಟಿಗೆ ದಕ್ಕಲಿಲ್ಲ!

ಫೀಲ್ಡ್ ಮಾರ್ಷಲ್ ಸೋತ ಚುನಾವಣೆ

‘ಅಯ್ಯೋ ಬಿಡಿ, ಕ್ಯಾಪ್ಟನ್ ಅಂದ್ರೆ ಸಣ್ಣ ಹುದ್ದೆ’ ಎನ್ನುವವರಿಗೆ ದೊಡ್ಡ ಹುದ್ದೆಯ ಕಥೆಯೂ ಇದೆ. ಕೊಡಗಿನ ಕೆ.ಎಂ. ಕಾರ್ಯಪ್ಪ 1949ರ ಜನವರಿ 15ರಂದು ಬ್ರಿಟಿಷ್ ಜನರಲ್‌ನಿಂದ ಅಧಿಕಾರ ವಹಿಸಿಕೊಂಡು ಭಾರತೀಯ ಸೈನ್ಯದ ಮೊದಲ ಭಾರತೀಯ ದಂಡನಾಯಕರಾದರು. ಅದೇ ದಿನವನ್ನು ಇಂದಿಗೂ ಸೇನಾ ದಿನವೆಂದು ಆಚರಿಸುತ್ತಾರೆ. 1953ರಲ್ಲಿ ನಿವೃತ್ತಿ. ಆಮೇಲೆ 1956ರವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಹೈಕಮಿಷನರ್. ಸೈನ್ಯ ರಾಜಕೀಯದಿಂದ ದೂರ ನಿಲ್ಲಬೇಕೆಂದು ಉದ್ದಕ್ಕೂ ಬೋಧಿಸಿದವರು. 1986ರಲ್ಲಿ ಸರ್ಕಾರ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟಿತು.

ಇಂಥ ಕಾರ್ಯಪ್ಪ 1971ರಲ್ಲಿ, 72ರ ವಯಸ್ಸಿನಲ್ಲಿ, ಲೋಕಸಭೆಗೆ ಉಮೇದುವಾರರಾದರು. ಎಲ್ಲಿ? ಮಡಿಕೇರಿಯಲ್ಲಲ್ಲ, ಮಂಗಳೂರಿನಲ್ಲಲ್ಲ, ಮುಂಬಯಿ ಈಶಾನ್ಯ ಕ್ಷೇತ್ರದಲ್ಲಿ! ಫಲಿತಾಂಶ: ಸೋಲು. ದೇಶವೇ ಸೆಲ್ಯೂಟ್ ಹೊಡೆಯುತ್ತಿದ್ದ ಮನುಷ್ಯನಿಗೆ ಮುಂಬಯಿಯ ಮತದಾರ ‘ನಮಸ್ಕಾರ ಸಾಹೇಬರೇ’ ಎಂದು ಹೇಳಿ ಮುದ್ರೆ ಬೇರೆಯವರಿಗೆ ಒತ್ತಿದ.

ಇದನ್ನು ಅವಮಾನ ಎನ್ನುವವರಿದ್ದಾರೆ. ಸರಿಯಾಗಿ ನೋಡಿದರೆ ಇದು ಕಾರ್ಯಪ್ಪನವರ ದೊಡ್ಡತನ, ದೇಶದ ಪುಣ್ಯ ಕೂಡ. ಅವಿಭಜಿತ ಸೈನ್ಯದಲ್ಲಿ ಇದ್ದ ಇನ್ನೊಬ್ಬ ಅಧಿಕಾರಿ ಅಯೂಬ್ ಖಾನ್. ಅವರಿಗೂ ರಾಜಕೀಯ ಬೇಕೆನಿಸಿತು. ಅವರು ಅರ್ಜಿ ಹಾಕಲಿಲ್ಲ, ಮನೆಮನೆಗೆ ಹೋಗಲಿಲ್ಲ; 1958ರಲ್ಲಿ ಪಾಕಿಸ್ತಾನದ ಕುರ್ಚಿಯನ್ನೇ ಕಿತ್ತುಕೊಂಡರು. ಆ ದೇಶ ಇವತ್ತಿಗೂ ಆ ಏಟಿನಿಂದ ಸುಧಾರಿಸಿಕೊಂಡಿಲ್ಲ. ಒಂದೇ ಸೈನ್ಯದಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬರು ಬಂದೂಕಿನಿಂದ ಗೆದ್ದರು, ಇನ್ನೊಬ್ಬರು ನಾಮಪತ್ರ ಹಾಕಿ ಸೋತರು. ಮರ್ಯಾದೆ ಯಾರದ್ದು ಉಳಿಯಿತು?

ಬೆಂಚಿನ ಮೇಲೆ ಕೂತು ‘ದೇಶಾನ ಮಿಲ್ಟ್ರಿಗೆ ಕೊಡ್ಬೇಕು’ ಎನ್ನುವ ಮಹಾಶಯರಿಗೆ ಇಷ್ಟು ಉತ್ತರ ಸಾಕು. ಮಿಲ್ಟ್ರಿ ಆಡಳಿತದಲ್ಲಿ ಬೆಂಚಿನ ಮೇಲೆ ಕೂತು ಹಾಗೆ ಮಾತಾಡುವುದಕ್ಕೂ ಆಗುವುದಿಲ್ಲ.

ಬರೆದು ಎಚ್ಚರಿಸಿದರೂ ಕೇಳಲಿಲ್ಲ

ಇನ್ನು ಮೊದಲನೆಯವನ ವಾದ: ‘ಮಿಲ್ಟ್ರಿಯೋರಿಗ್ಯಾಕೆ ಈ ಉಸಾಬರಿ?’ ಅದಕ್ಕೆ ಉತ್ತರ ಮತ್ತೊಬ್ಬ ಕೊಡಗಿನವರು, ಜನರಲ್ ಕೆ.ಎಸ್. ತಿಮ್ಮಯ್ಯ.

ತಿಮ್ಮಯ್ಯ ಬರೀ ಕಾದಾಡಿದವರಲ್ಲ. ಕೊರಿಯಾ ಯುದ್ಧ ಮುಗಿದಾಗ, ಊರಿಗೆ ವಾಪಸು ಹೋಗಲು ಒಲ್ಲದ ಯುದ್ಧಕೈದಿಗಳ ಗತಿ ಏನು ಎಂಬ ಕಗ್ಗಂಟು ಎದ್ದಿತು. ಅದನ್ನು ಬಿಡಿಸಲು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ 1953–54ರಲ್ಲಿ ಅವರೇ ಅಧ್ಯಕ್ಷರು. ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಚೀನಾ; ನಡುವೆ ಕೊಡಗಿನ ಮನುಷ್ಯ ತಕ್ಕಡಿ ಹಿಡಿದು ಕೂತಿದ್ದರು. ಆ ಅನುಭವವನ್ನು ಅವರು ಬರೆದಿಟ್ಟಿದ್ದರು. ಪುಸ್ತಕವಾಗಿ ಬಂದದ್ದು ಅವರು ತೀರಿಕೊಂಡ ಮೇಲೆ, 1981ರಲ್ಲಿ.

1957ರಿಂದ 1961ರವರೆಗೆ ಅವರು ಭೂಸೇನೆಯ ಮುಖ್ಯಸ್ಥರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಜಟಾಪಟಿಯಾಗಿ 1959ರಲ್ಲಿ ರಾಜೀನಾಮೆ ಕೊಟ್ಟದ್ದು, ನೆಹರೂ ಮಾತಿಗೆ ಹಿಂತೆಗೆದುಕೊಂಡದ್ದು ದೇಶಕ್ಕೆಲ್ಲ ಗೊತ್ತಾದ ಸುದ್ದಿ. ನಿವೃತ್ತಿಯಾದ ಮರು ವರ್ಷ, 1962ರ ಜುಲೈಯಲ್ಲಿ, ದೆಹಲಿಯ ‘ಸೆಮಿನಾರ್’ ಮಾಸಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅದರ ಸಾರ ಇಷ್ಟೇ: ಚೀನಾದ ಜೊತೆ ಭಾರತ ಒಂಟಿಯಾಗಿ ಪೂರ್ಣ ಯುದ್ಧಕ್ಕೆ ಇಳಿಯುವುದು ಸೈನಿಕನ ಲೆಕ್ಕದಲ್ಲಿ ಆಗದ ಮಾತು, ಆ ದಿಕ್ಕಿನ ಭದ್ರತೆಯನ್ನು ರಾಜಕಾರಣಿಗಳೂ ರಾಯಭಾರಿಗಳೂ ಮಾತುಕತೆಯ ಜಾಣತನದಿಂದಲೇ ನೋಡಿಕೊಳ್ಳಬೇಕು. ಬರೆದದ್ದು ಜುಲೈಯಲ್ಲಿ. ಅಕ್ಟೋಬರಿನಲ್ಲಿ ಯುದ್ಧ ಬಂತು. ಏನಾಯಿತೆಂದು ಹೇಳಬೇಕಾಗಿಲ್ಲ, ಹಿಮದಲ್ಲಿ ತೆಳ್ಳನೆಯ ಬಟ್ಟೆ ತೊಟ್ಟು ಸತ್ತ ಹುಡುಗರ ಕಥೆ ಹಳ್ಳಿಹಳ್ಳಿಗೂ ಗೊತ್ತು.

ವ್ಯಾಪಾರದಲ್ಲಿ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಇಪ್ಪತ್ತು ವರ್ಷ ಮಂಡಿಯಲ್ಲಿ ಕೂತ ಗುಮಾಸ್ತ ‘ಅಣ್ಣ, ಈ ಪಾರ್ಟಿಗೆ ಇಷ್ಟು ಸಾಲ ಬೇಡ’ ಎಂದರೆ ಯಜಮಾನ ಕೇಳುತ್ತಾನೆ. ಕೇಳದಿದ್ದರೆ ಅಂಗಡಿ ಮುಚ್ಚುತ್ತದೆ. ಗುಮಾಸ್ತ ಯಜಮಾನನಾಗಬೇಕಿಲ್ಲ, ಆದರೆ ಅವನ ಲೆಕ್ಕ ಯಜಮಾನನ ಕಿವಿಗೆ ಬೀಳಬೇಕು. ತಿಮ್ಮಯ್ಯನವರ ವಿಷಯದಲ್ಲಿ ಬೀಳಬೇಕಾದ ಹೊತ್ತಿಗೆ ಬೀಳಲಿಲ್ಲ. ಆಮೇಲೆ ಅವರನ್ನು ನೆನೆದದ್ದು ವಿಶ್ವಸಂಸ್ಥೆ. 1964ರಲ್ಲಿ ಸೈಪ್ರಸ್ ದ್ವೀಪದ ಶಾಂತಿಪಡೆಗೆ ಅವರನ್ನೇ ಮುಖ್ಯಸ್ಥರನ್ನಾಗಿ ಮಾಡಿತು. 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು.

ಗೆದ್ದವರು ಹೇಗೆ ಗೆದ್ದರು?

ಹಾಗಾದರೆ ಸೈನ್ಯದಿಂದ ಬಂದವರು ಗೆದ್ದೇ ಇಲ್ಲವೇ? ಗೆದ್ದಿದ್ದಾರೆ. ರಾಜಸ್ಥಾನದ ಜಸ್ವಂತ್ ಸಿಂಗ್ 1960ರ ದಶಕದಲ್ಲಿ ಸೈನ್ಯ ಬಿಟ್ಟರು. ವಿದೇಶಾಂಗ ಮಂತ್ರಿಯಾದದ್ದು 1998ರಲ್ಲಿ. ನಡುವೆ ಮೂವತ್ತು ವರ್ಷ ಓದು, ಬರಹ, ಪಕ್ಷದ ಕೆಲಸ. ಆಮೇಲೆ ಹಣಕಾಸು ಖಾತೆ ನೋಡಿದರು, ರಕ್ಷಣಾ ಖಾತೆಯನ್ನೂ ನೋಡಿದರು. ದೇಶದ ರಕ್ಷಣೆ ಕುರಿತು ಅವರು ಬರೆದ ಪುಸ್ತಕ 1999ರಲ್ಲಿ ಬಂತು. 2009ರಲ್ಲಿ ಜಿನ್ನಾ ಕುರಿತು ಬರೆದ ಪುಸ್ತಕಕ್ಕಾಗಿ ಪಕ್ಷ ಅವರನ್ನೇ ಹೊರಗೆ ಹಾಕಿತು, ಮರು ವರ್ಷ ಮತ್ತೆ ಸೇರಿಸಿಕೊಂಡಿತು. ಗುಂಡಿಗೆ ಹೆದರದ ಮೇಜರ್‌ಗೆ ಪುಸ್ತಕವೇ ಮುಳುವಾಯಿತು! ರಾಜಕೀಯದಲ್ಲಿ ಯೋಚನೆ ಮಾಡುವುದು ಯುದ್ಧಕ್ಕಿಂತ ಅಪಾಯದ ಕೆಲಸ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಕರ್ನಾಟಕದಲ್ಲೇ ತೀರಾ ಇತ್ತೀಚಿನ ಉದಾಹರಣೆ ಕ್ಯಾಪ್ಟನ್ ಬ್ರಿಜೇಶ್ ಚೌಟ. ಗೂರ್ಖಾ ರೈಫಲ್ಸ್‌ನಲ್ಲಿದ್ದು ಬಂದವರು, 2024ರಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಆರಿಸಿ ಬಂದರು. ಅವರ ಪಕ್ಷ ಬೇಕಾದವರು ಮೆಚ್ಚಲಿ, ಬೇಡದವರು ಬಿಡಲಿ, ಗಮನಿಸಬೇಕಾದ್ದು ದಾರಿ. ಮಂಗಳೂರಿನ ಕಂಬಳ, ಸಾಹಿತ್ಯ ಉತ್ಸವ, ಪಕ್ಷದ ಸಂಘಟನೆ ಎಂದು ವರ್ಷಗಟ್ಟಲೆ ಊರಿನಲ್ಲಿ ತಿರುಗಿದ ಮೇಲೆ ಟಿಕೆಟ್ ಬಂತು. ಜನ ಮೊದಲು ಕಂಬಳದ ಗದ್ದೆಯಲ್ಲಿ ನೋಡಿದರು, ಆಮೇಲೆ ಮತ ಹಾಕಿದರು.

ಹೊರದೇಶದ ಮಾತೂ ಒಂದಿಷ್ಟು. ಅಮೆರಿಕದ ಜನರಲ್ ಐಸೆನ್‌ಹೋವರ್ ಎರಡನೇ ಮಹಾಯುದ್ಧ ಗೆದ್ದು ಬಂದ ಮೇಲೆ 1948ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು, 1953ರಲ್ಲಿ ರಾಷ್ಟ್ರಾಧ್ಯಕ್ಷರಾದರು. ಎಂಟು ವರ್ಷ ಆಳಿ ಹೊರಡುವಾಗ, ಸೈನ್ಯ ಮತ್ತು ಶಸ್ತ್ರಾಸ್ತ್ರ ಕಾರ್ಖಾನೆಗಳು ಒಂದಾಗಿ ಸರ್ಕಾರವನ್ನು ಆಡಿಸದಂತೆ ನೋಡಿಕೊಳ್ಳಿ ಎಂದು ಜನರನ್ನು ಎಚ್ಚರಿಸಿ ಹೋದರು. ಎಚ್ಚರಿಸಿದ್ದು ಯಾರೋ ಶಾಂತಿವಾದಿಯಲ್ಲ, ಸ್ವತಃ ಜನರಲ್! ಫ್ರಾನ್ಸಿನ ಡಿ ಗಾಲ್ 1934ರಲ್ಲೇ ಟ್ಯಾಂಕುಗಳ ಸೈನ್ಯ ಬೇಕೆಂದು ಪುಸ್ತಕ ಬರೆದರು. ಅವರ ಮಾತನ್ನು ಅವರ ದೇಶವೇ ಕೇಳಲಿಲ್ಲ. ಜರ್ಮನಿ 1940ರಲ್ಲಿ ಟ್ಯಾಂಕುಗಳನ್ನು ತಂದು ಪಾಠ ಕಲಿಸಿತು. ಅದೇ ಡಿ ಗಾಲ್ ಮುಂದೆ ರಾಷ್ಟ್ರಾಧ್ಯಕ್ಷರಾದರು. 1969ರಲ್ಲಿ ಜನಮತ ತಮ್ಮ ವಿರುದ್ಧ ಬಂದ ಕೂಡಲೇ ಒಂದು ಮಾತೂ ಆಡದೆ ಮನೆಗೆ ಹೋದರು.

ಗೆದ್ದವರೆಲ್ಲರಲ್ಲೂ ಒಂದು ಸಾಮ್ಯ ಕಾಣುತ್ತದೆ. ಸಮವಸ್ತ್ರ ಕಳಚಿದ ಮೇಲೆ ಅವರು ಎರಡನೇ ಸಲ ಶಾಲೆಗೆ ಸೇರಿದರು. ಓದಿದರು, ಬರೆದರು, ಜನರ ನಡುವೆ ಅಲೆದರು. ಸೈನ್ಯದಲ್ಲಿ ಹುಕುಂ ಕೊಟ್ಟರೆ ಕೆಲಸ ಆಗುತ್ತದೆ. ಊರಿನಲ್ಲಿ ಹುಕುಂ ಕೊಟ್ಟರೆ ‘ನೀನ್ಯಾವನಯ್ಯ ಕೇಳೋಕೆ?’ ಎನ್ನುತ್ತಾರೆ. ಊರಿನಲ್ಲಿ ಒಪ್ಪಿಸಬೇಕು. ಒಂದು ಚರಂಡಿಯ ಇಳಿಜಾರು ಯಾವ ಕಡೆ ಎಂಬುದಕ್ಕೂ ಮೂರು ಬೀದಿಯವರನ್ನು ಒಪ್ಪಿಸಬೇಕು. ಈ ವಿದ್ಯೆಯನ್ನು ಸೈನ್ಯ ಹೇಳಿಕೊಡುವುದಿಲ್ಲ.

ಎಳನೀರಲ್ಲ, ಕೊಬ್ಬರಿ

ಈ ಸೀಮೆಯವರಿಗೆ ಇದನ್ನು ತೆಂಗಿನ ಲೆಕ್ಕದಲ್ಲೇ ಹೇಳಬಹುದು. ಎಳನೀರು ಇಳಿಸಿದ ದಿನವೇ ಮಾರಾಟ. ಉಂಡೆ ಕೊಬ್ಬರಿ ಹಾಗಲ್ಲ. ಕಾಯಿ ಬಲಿಯಬೇಕು, ಅಟ್ಟ ಹತ್ತಬೇಕು, ಸುಮಾರು ಒಂದು ವರ್ಷ ನೆರಳಲ್ಲಿ ಕೂತು ಒಳಗಿನ ನೀರು ಇಂಗಬೇಕು. ಅಲುಗಾಡಿಸಿದರೆ ಒಳಗೆ ಗಟಗಟ ಸದ್ದು ಬಂದ ಮೇಲೇ ಸುಲಿಯುವುದು. ಆತುರಪಟ್ಟು ಸುಲಿದರೆ ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ.

ನಿವೃತ್ತ ಅಧಿಕಾರಿಯನ್ನು ರಾಜಕೀಯ ಪಕ್ಷಗಳು ಎಳನೀರಿನಂತೆ ಮಾರಲು ನೋಡುತ್ತವೆ. ನಿನ್ನೆ ನಿವೃತ್ತಿ, ಇವತ್ತು ಟಿಕೆಟ್, ನಾಳೆ ಪೋಸ್ಟರಿನಲ್ಲಿ ಸಮವಸ್ತ್ರದ ಫೋಟೋ. 2019ರ ಚುನಾವಣೆ ಹೊತ್ತಿಗೆ ಇದು ಎಷ್ಟು ಅತಿಯಾಯಿತೆಂದರೆ, ಪ್ರಚಾರದಲ್ಲಿ ಸೈನಿಕರ ಫೋಟೋ ಬಳಸಬೇಡಿ ಎಂದು ಚುನಾವಣಾ ಆಯೋಗವೇ ಪಕ್ಷಗಳಿಗೆ ಹೇಳಬೇಕಾಯಿತು. ಪಕ್ಷಗಳಿಗೆ ಬೇಕಾದ್ದು ಕೋಟು, ಕೋಟಿನೊಳಗಿನ ತಲೆಯಲ್ಲ. ತಿಮ್ಮಯ್ಯನವರಂತೆ ಅಹಿತವಾದ ಲೆಕ್ಕ ಹೇಳುವ ಜನರಲ್ ಯಾವ ಪಕ್ಷಕ್ಕೂ ಬೇಡ. ಮೈಕಿನ ಮುಂದೆ ಗುಡುಗುವವರು ಸಾಕು.

ಮೂರು ತಾಲ್ಲೂಕಿನ ಮಾತು

ಇಷ್ಟೆಲ್ಲ ಜನರಲ್‌ಗಳ ಕಥೆಯಿಂದ ತಿಪಟೂರಿನ ಅಂಗಡಿಯವನಿಗೆ, ಹುಳಿಯಾರಿನ ಬಸ್ಸು ಕಾಯುವವನಿಗೆ ಏನಾಗಬೇಕು? ಆಗಬೇಕಾದ್ದು ಬಹಳ ಇದೆ.

ಈ ಮೂರು ತಾಲ್ಲೂಕು ಕೊಡಗಲ್ಲ. ಮನೆಗೊಬ್ಬ ಸೈನಿಕ ಇಲ್ಲ. ಆದರೂ ಇದ್ದಾರೆ. ಬಹುಪಾಲು ಜನರಲ್‌ಗಳಲ್ಲ, ಹವಾಲ್ದಾರರು, ನಾಯಕ್‌ಗಳು, ಸುಬೇದಾರರು. ಅಧಿಕಾರಿಯಾಗಿದ್ದವನಿಗೆ ನಿವೃತ್ತಿಯ ನಂತರ ಬೆಂಗಳೂರು, ದೆಹಲಿಯ ಅಧ್ಯಯನ ಸಂಸ್ಥೆಗಳ ಬಾಗಿಲು ತೆರೆಯುತ್ತದೆ, ಟಿ.ವಿ.ಯವರು ಕರೆಯುತ್ತಾರೆ, ಪುಸ್ತಕ ಬರೆದರೆ ಪ್ರಕಟವಾಗುತ್ತದೆ. ಹವಾಲ್ದಾರನಿಗೆ ಎ.ಟಿ.ಎಂ. ಬಾಗಿಲು. ಇಬ್ಬರೂ ಒಂದೇ ಗುಡ್ಡದ ಮೇಲೆ ಇದ್ದವರು. ವ್ಯೂಹ ಹಾಕಿದವನು ಒಬ್ಬ, ಅದನ್ನು ನಡೆಸಿದವನು ಇನ್ನೊಬ್ಬ. ನಡೆಸಿದವನ ಬುದ್ಧಿಗೆ ಬೆಲೆ ಇಲ್ಲವೇ?

2024ರಲ್ಲಿ ಏನಾಯಿತು, ನೆನಪಿಸಿಕೊಳ್ಳಿ. ಆ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ಘೋಷಿಸಿತು, ರಾಜ್ಯ 1,500 ಸೇರಿಸಿತು. ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಎಷ್ಟೋ ಕೆಳಗಿತ್ತು. ನಾಫೆಡ್ ಖರೀದಿಗೆ ಹೆಸರು ಬರೆಸಲು ರೈತರು ಚಳಿಯಲ್ಲಿ ಸಾಲು ನಿಂತರು. ಚಪ್ಪಲಿ, ಕಲ್ಲು ಇಟ್ಟು ಜಾಗ ಹಿಡಿಯುವ ಪಾಡು, ತಳ್ಳಾಟ, ಬೈಗುಳ. ಯಾವ ಹಳ್ಳಿಗೆ ಯಾವ ದಿನ, ಯಾರಿಗೆ ಯಾವ ಹೊತ್ತು, ಯಾರ ಚೀಲ ಮೊದಲು ಎಂಬ ಪಟ್ಟಿ ಮಾಡಿ ಸಾಲು ನಡೆಸುವ ಕೆಲಸ ಸೈನ್ಯದಲ್ಲಿ ಸ್ಟೋರ್ಸ್ ನೋಡಿಕೊಂಡ ಒಬ್ಬ ಹವಾಲ್ದಾರನಿಗೆ ನೀರು ಕುಡಿದಷ್ಟು ಸಲೀಸು. ಆ ಸಾಲಿನಲ್ಲೇ ಅಂಥವರು ರೈತರಾಗಿ ನಿಂತಿದ್ದಿರಬೇಕು. ಅವರನ್ನು ಕರೆದು ಕೇಳಿದವರು ಯಾರು?

ಹೇಮಾವತಿ ನಾಲೆಯ ಮಾತೂ ಹಾಗೆಯೇ. ಮೇಲಿನವನು ತೂಬು ಎತ್ತಿದರೆ ಕೊನೆಯವನಿಗೆ ನೀರಿಲ್ಲ. ಪ್ರತಿ ವರ್ಷ ಅದೇ ಜಗಳ, ಅದೇ ಪೊಲೀಸು, ಅದೇ ಮನವಿ ಪತ್ರ. ಪಾಳಿ ಹಾಕುವುದು, ಕಾವಲು ಕೂರಿಸುವುದು, ಬರೆದಿಟ್ಟ ಲೆಕ್ಕಕ್ಕೆ ನಿಲ್ಲುವುದು, ತಮ್ಮ ಜಾತಿಯವನು, ಬೇರೆ ಜಾತಿಯವನು ಎಂದು ನೋಡದಿರುವುದು. ಇದು ಸೈನ್ಯ ಕಲಿಸುವ ವಿದ್ಯೆ. ಊರಿಗೆ ಇದೇ ಬೇಕಾಗಿದೆ. ನೀರು ಬಳಕೆದಾರರ ಸಂಘದಲ್ಲಿ ಇಂಥ ಒಬ್ಬನಿಗೆ ಜಾಗವಿದ್ದರೆ ನಾಲೆಯ ಕೊನೆಯ ತೋಟದವನು ಬದುಕುತ್ತಾನೆ.

ಇದು ಮುಂದೆ ಇನ್ನೂ ದೊಡ್ಡ ಪ್ರಶ್ನೆಯಾಗುತ್ತದೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಅಗ್ನಿಪಥ ಯೋಜನೆ ತಂದಿತು. ಹುಡುಗರ ಸೇವೆ ನಾಲ್ಕೇ ವರ್ಷ. ನೂರಕ್ಕೆ 25 ಜನರವರೆಗೆ ಸೈನ್ಯದಲ್ಲಿ ಉಳಿಯಬಹುದು, ಮಿಕ್ಕವರು ವಾಪಸು. ಕೈಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ, ಪೆನ್ಷನ್ ಇಲ್ಲ. 2023ರ ಆರಂಭದಲ್ಲಿ ತರಬೇತಿಗೆ ಹೋದ ಹುಡುಗರಿಗೆ ನಾಲ್ಕು ವರ್ಷ ತುಂಬುವುದು 2027ರ ಆರಂಭಕ್ಕೆ. ಇಪ್ಪತ್ತೆರಡು, ಇಪ್ಪತ್ಮೂರರ ವಯಸ್ಸು, ಗಟ್ಟಿ ಮೈ, ಶಿಸ್ತಿನ ತಲೆ. ಊರು ಅವರನ್ನು ಹೇಗೆ ಬರಮಾಡಿಕೊಳ್ಳುತ್ತದೆ? ಒಂದು ಮೆರವಣಿಗೆ, ಆಮೇಲೆ ಸೆಕ್ಯೂರಿಟಿ ಕೆಲಸವೋ? ಇಲ್ಲ ಯಾವುದಾದರೂ ಪುಢಾರಿಯ ಜೀಪಿನ ಹಿಂದಿನ ಸೀಟೋ? ಕೆಲಸವಿಲ್ಲದ ಗಟ್ಟಿ ಹುಡುಗರನ್ನು ಮೊದಲು ಹುಡುಕಿಕೊಂಡು ಬರುವವರು ಒಳ್ಳೆಯವರಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಏಣಿ ಕೆಳಗಿನಿಂದ ಹತ್ತುವುದು

ಕ್ಯಾಪ್ಟನ್ ಗೋಪಿನಾಥ್, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಇಬ್ಬರೂ ಏಣಿಯ ಮೇಲಿನ ಮೆಟ್ಟಿಲಿಗೆ ಕೈ ಹಾಕಿದರು. ವಿಧಾನಸಭೆ, ಲೋಕಸಭೆ. ಅಲ್ಲಿ ದುಡ್ಡು, ಜಾತಿ, ಪಕ್ಷ ಮೂರೂ ಕೂತಿರುತ್ತವೆ. ಕೆಳಗಿನ ಮೆಟ್ಟಿಲು ಗ್ರಾಮ ಪಂಚಾಯಿತಿ. ಕರ್ನಾಟಕದಲ್ಲಿ ಆ ಚುನಾವಣೆಗೆ ಪಕ್ಷದ ಚಿಹ್ನೆಯೇ ಇಲ್ಲ, ಯಾರ ಬಿ ಫಾರಂಗೂ ಕಾಯಬೇಕಿಲ್ಲ. ಪಕ್ಕದಲ್ಲೇ ವ್ಯವಸಾಯ ಸೇವಾ ಸಹಕಾರ ಸಂಘ, ಹಾಲಿನ ಡೇರಿ, ಎ.ಪಿ.ಎಂ.ಸಿ. ಇವೆಲ್ಲ ಸಣ್ಣವು ಎಂದು ಮೂಗು ಮುರಿಯುವವರು ಗಮನಿಸಬೇಕು: ತೆಂಗು ಬೆಳೆಗಾರನ ಬದುಕನ್ನು ದಿನವೂ ಮುಟ್ಟುವುದು ಇವೇ, ದೆಹಲಿಯಲ್ಲ.

ಹಿಂದಿರುಗಿದ ಸೈನಿಕನೂ ಒಂದು ಮಾತು ಕೇಳಬೇಕು. ಮನೆಯ ಮುಂದೆ ‘ಮಾಜಿ ಸೈನಿಕ’ ಎಂದು ಬೋರ್ಡು ಹಾಕಿ, ‘ಸಿವಿಲಿಯನ್ನರಿಗೆ ಶಿಸ್ತಿಲ್ಲ’ ಎಂದು ಬೈಯುತ್ತ ಕೂತರೆ ಊರು ದೂರವೇ ಉಳಿಯುತ್ತದೆ. ಕ್ಯಾಂಟೀನ್ ಸಾಮಾನು ತರುವುದಕ್ಕೆ ಮಾತ್ರ ಸೈನ್ಯದ ನಂಟು ಉಳಿಸಿಕೊಂಡರೆ ಸಾಲದು. ಒಂದು ಗ್ರಾಮಸಭೆ ತಪ್ಪಿಸಬಾರದು. ಪಂಚಾಯಿತಿಯ ಲೆಕ್ಕ ಕೇಳಿ ಓದಬೇಕು. ಬೈಸಿಕೊಂಡರೂ ನಗುತ್ತ ಕೂರುವುದನ್ನು ಕಲಿಯಬೇಕು. ತಾನು ಕಂಡದ್ದನ್ನು ಶಾಲೆಯ ಹುಡುಗರಿಗೆ ಹೇಳಬೇಕು, ಬರೆಯಬಲ್ಲವನಾದರೆ ಬರೆದಿಡಬೇಕು. ಜನರಲ್ ಬರೆದದ್ದು ಮಾತ್ರ ಇತಿಹಾಸವಲ್ಲ, ನಾಯಕ್ ಬರೆದದ್ದೂ ಇತಿಹಾಸವೇ.

ಊರಿನವರೂ ಕೇಳಬೇಕು. ಸೈನಿಕನಿಗೆ ಕಣ್ಣು ಮುಚ್ಚಿ ಮತ ಹಾಕಬೇಕಾಗಿಲ್ಲ. ಮುಂಬಯಿಯ ಮತದಾರ ಕಾರ್ಯಪ್ಪನವರಿಗೇ ಹಾಕಲಿಲ್ಲ, ಅದು ಅವನ ಹಕ್ಕು. ಸಮವಸ್ತ್ರ ತೊಟ್ಟಿದ್ದವರೆಲ್ಲ ಸತ್ಯಹರಿಶ್ಚಂದ್ರರೂ ಅಲ್ಲ. ಮತ ಬೇರೆ, ಕಿವಿ ಬೇರೆ. ಮತ ಕೊಡುವ ಮೊದಲು ನೂರು ಸಲ ಯೋಚಿಸಿ. ಕಿವಿ ಕೊಡುವುದಕ್ಕೆ ಏನೂ ಖರ್ಚಿಲ್ಲ. 1962ರಲ್ಲಿ ದೇಶ ಕಿವಿ ಕೊಡದೆ ತೆತ್ತದ್ದು ಹುಡುಗರ ಪ್ರಾಣ. ಇಲ್ಲಿ ತೆರುವುದು ನಾಲೆಯ ನೀರು, ಕೊಬ್ಬರಿಯ ದರ, ರಾತ್ರಿಯ ನಿದ್ದೆ.

ಮುಂದಿನ ಗ್ರಾಮಸಭೆಗೆ ಊರಿನ ಮಿಲ್ಟ್ರಿಯೋರನ್ನು ಕರೆಯಿರಿ. ಈ ಸಲ ಶಾಲು ಬೇಡ, ಹಾರ ಬೇಡ. ಒಂದು ಕುರ್ಚಿ, ಒಂದು ಲೋಟ ಟೀ, ಪಂಚಾಯಿತಿಯ ಲೆಕ್ಕದ ಪುಸ್ತಕ. ‘ಹೇಳಿ ಸಾಬ್ರೇ’ ಎನ್ನಿ. ಅಷ್ಟು ಸಾಕು.